ಫೋಟೋದೊಳಗೆ 3ಡಿ ಕುರ್ಚಿ: ನೆಲ ಮುಟ್ಟುವ ಜಾಗ ಸರಿಹೋದರೆ ಅರ್ಧ ಗೆದ್ದಂತೆ

ಪೀಠೋಪಕರಣ ಮಾಡುವವರಿಗೆ ಕ್ಯಾಟಲಾಗ್ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಕುರ್ಚಿ ಇನ್ನೂ ತಯಾರಾಗಿರುವುದಿಲ್ಲ. ಆದರೆ ಅದು ಕೋಣೆಯಲ್ಲಿ ಇಟ್ಟ ಹಾಗೆ ಚಿತ್ರ ಬೇಕು ಅನ್ನುತ್ತಾರೆ. ಕೋಣೆಯ ಫೋಟೋ ನಾನು ತೆಗೆಯುತ್ತೇನೆ, ಕುರ್ಚಿಯ 3ಡಿ ಮಾಡೆಲ್ ಅವರು ಕಳಿಸುತ್ತಾರೆ. ಎರಡನ್ನೂ ಸೇರಿಸಬೇಕು, ನೋಡಿದವರಿಗೆ ಅನುಮಾನ ಬರಬಾರದು.

ಹಳೆಯ ಫೋಟೋಶಾಪ್ ಬಳಸಿದವರು ಮೊದಲು ಕೇಳುವುದು, ಆ 3ಡಿ ಮೆನು ಎಲ್ಲಿ ಹೋಯಿತು ಅಂತ. ಇತ್ತು, ನಿಜ. 2007ರ ಸಿಎಸ್3 ಎಕ್ಸ್‌ಟೆಂಡೆಡ್ ಆವೃತ್ತಿಯಲ್ಲಿ ಬಂತು. ಮರುವರ್ಷದ ಸಿಎಸ್4ರಲ್ಲಿ ಮಾಡೆಲ್ ಮೇಲೇ ನೇರವಾಗಿ ಬ್ರಷ್ ಆಡಿಸಬಹುದಾಯಿತು. 2010ರ ಸಿಎಸ್5ರಲ್ಲಿ ಅಕ್ಷರಗಳಿಗೆ ದಪ್ಪ ಕೊಟ್ಟು ಎತ್ತಿ ನಿಲ್ಲಿಸುವ ಸೌಲಭ್ಯವೂ ಸೇರಿತು. ಆದರೆ ಇದೆಲ್ಲ ನಿಂತಿದ್ದು ಓಪನ್‌ಜಿಎಲ್ ಎಂಬ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯ ಮೇಲೆ. ಅಷ್ಟರಲ್ಲಿ ಕಂಪ್ಯೂಟರ್‌ಗಳು ಡೈರೆಕ್ಟ್‌ಎಕ್ಸ್, ಮೆಟಲ್ ಕಡೆಗೆ ಹೊರಳಿದ್ದವು. 2021ರಲ್ಲಿ ಅಡೋಬಿ ಈ ಭಾಗವನ್ನು ಕೈಬಿಡಲು ಶುರು ಮಾಡಿತು. ಹಳೆಯ 3ಡಿ ಬೇಕೇ ಬೇಕು ಅನ್ನುವವರು 22.2 ಆವೃತ್ತಿಯನ್ನೇ ಇಟ್ಟುಕೊಳ್ಳಿ ಎಂದಿತು.

ನನಗೇನೂ ಬೇಜಾರಿಲ್ಲ. ಆ 3ಡಿ ನಿಧಾನ, ಬೆಳಕು ಕೃತಕ, ನೆರಳಂತೂ ಕೇಳಲೇಬೇಡಿ. ನಿಮ್ಮ ಹಳೆಯ ಫೈಲ್‌ಗಳಲ್ಲಿ 3ಡಿ ಲೇಯರ್ ಉಳಿದಿದ್ದರೆ ಒಂದೇ ಒಂದು ಕೆಲಸ ಮಾಡಿ. ಹಳೆಯ ಆವೃತ್ತಿ ಇರುವ ಕಂಪ್ಯೂಟರ್‌ನಲ್ಲಿ ತೆರೆದು, 3ಡಿ ಮೆನುವಿನ ಎಕ್ಸ್‌ಪೋರ್ಟ್ 3ಡಿ ಲೇಯರ್ ಮೂಲಕ ಮಾಡೆಲ್ಲನ್ನು ಓಬಿಜೆ ಅಥವಾ ಕೊಲಾಡಾ ಫೈಲ್ ಆಗಿ ಹೊರಗೆ ತೆಗೆದಿಟ್ಟುಕೊಳ್ಳಿ.

ಈಗ ನಾನು ಕೆಲಸ ಹಂಚುವುದು ಹೀಗೆ. ಆಕಾರ, ಕ್ಯಾಮೆರಾ, ಬೆಳಕು ಬ್ಲೆಂಡರ್‌ನಲ್ಲಿ. ಬಣ್ಣ, ನೆರಳಿನ ಗಾಢತೆ, ಅಂಚು, ಗ್ರೇನ್ (ಫೋಟೋದಲ್ಲಿ ಕಾಣುವ ಸಣ್ಣ ಚುಕ್ಕೆಗಳು) ಫೋಟೋಶಾಪ್‌ನಲ್ಲಿ. ಬ್ಲೆಂಡರ್ ಒಂದು ಉಚಿತ 3ಡಿ ಪ್ರೋಗ್ರಾಂ. ಫೋಟೋಶಾಪ್ ಬದಲು ಜಿಂಪ್ ಅಥವಾ ಕ್ರಿಟಾ ಆದರೂ ಈ ಲೇಖನದ ಮುಕ್ಕಾಲು ಪಾಲು ಹಾಗೇ ನಡೆಯುತ್ತದೆ.

ಎಲ್ಲದಕ್ಕೂ 3ಡಿ ಬೇಕಾಗಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಗೋಡೆಗೆ ಒಂದು ಚಿತ್ರಪಟ ಅಂಟಿಸಬೇಕು, ಚೌಕಾಕಾರದ ಪೆಟ್ಟಿಗೆಯ ಮೇಲೆ ಲೇಬಲ್ ಕೂರಿಸಬೇಕು ಅಂದರೆ ಫೋಟೋಶಾಪ್‌ನ ವ್ಯಾನಿಶಿಂಗ್ ಪಾಯಿಂಟ್ ಫಿಲ್ಟರ್ ಸಾಕು. 2005ರ ಸಿಎಸ್2ರಿಂದಲೂ ಇದೆ, ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಮಿಕ್ಸ್ ಬರೆಯುವವರಿಗೆ ಭಂಗಿ ನೋಡಿಕೊಳ್ಳಲು ಗೊಂಬೆ ಬೇಕಿದ್ದರೆ ಕ್ಲಿಪ್ ಸ್ಟುಡಿಯೋ ಪೇಂಟ್ ಒಳಗೇ 3ಡಿ ಗೊಂಬೆಗಳಿವೆ. ಕುರ್ಚಿಯಂಥ ನಾಲ್ಕು ಕಾಲಿನ ವಸ್ತುವಿಗೆ ಮಾತ್ರ ಈ ಸುಲಭದ ದಾರಿಗಳು ಸಾಲುವುದಿಲ್ಲ.

ಫೋಟೋ ತೆಗೆಯುವಾಗಲೇ ಅರ್ಧ ಕೆಲಸ

ಫೋಟೋ ನೀವೇ ತೆಗೆಯುವ ಹಾಗಿದ್ದರೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ. ಕುರ್ಚಿ ಬರಬೇಕಾದ ಜಾಗದಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ಒಂದು ಬಿಳಿ ಚೆಂಡು ಇಟ್ಟು ಒಂದು ಫೋಟೋ ತೆಗೆಯಿರಿ. ಎರಡನ್ನೂ ತೆಗೆದುಬಿಟ್ಟು, ಕ್ಯಾಮೆರಾ ಅಲುಗಾಡಿಸದೆ ಇನ್ನೊಂದು ತೆಗೆಯಿರಿ. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಎರಡಕ್ಕೂ ಒಂದೇ ಇರಲಿ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಲೆನ್ಸ್‌ಗೆ ಎಷ್ಟು ಎತ್ತರ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಪೆಟ್ಟಿಗೆ ಪರ್ಸ್‌ಪೆಕ್ಟಿವ್ ಹೇಳುತ್ತದೆ. ಅದರ ನೆರಳು ಎಷ್ಟು ಕಪ್ಪು, ಅಂಚು ಎಷ್ಟು ಮೃದು ಅನ್ನುವುದು ಕಣ್ಣೆದುರೇ ಇರುತ್ತದೆ. ಚೆಂಡು ಬೆಳಕಿನ ದಿಕ್ಕು ಹೇಳುತ್ತದೆ, ಜೊತೆಗೆ ನೆರಳಿನ ಕಡೆಗೆ ಯಾವ ಬಣ್ಣ ತಿರುಗುತ್ತದೆ ಅನ್ನುವುದನ್ನೂ. ಮುಂದೆ ಎಲ್ಲೇ ಅನುಮಾನ ಬಂದರೂ ಈ ಫೋಟೋ ತೆರೆದು ನೋಡಿದರೆ ಉತ್ತರ ಸಿಗುತ್ತದೆ. ಬೇರೆಯವರು ಕಳಿಸಿದ ಫೋಟೋದಲ್ಲಿ ಈ ಅನುಕೂಲ ಇಲ್ಲ. ಆಗ ಅಲ್ಲಿರುವ ಮೇಜಿನ ಕಾಲು, ಹೂಕುಂಡ, ಬಾಗಿಲಿನ ಚೌಕಟ್ಟು ಇವುಗಳನ್ನೇ ಪೆಟ್ಟಿಗೆ ಅಂತ ಇಟ್ಟುಕೊಳ್ಳಬೇಕು.

ಫೋಟೋ ಕ್ರಾಪ್ ಮಾಡಬೇಡಿ. ಕ್ರಾಪ್ ಮಾಡಿದರೆ ಲೆನ್ಸಿನ ನಡುಬಿಂದು ಚಿತ್ರದ ನಡುವೆ ಇರುವುದಿಲ್ಲ, ಕ್ಯಾಮೆರಾ ಲೆಕ್ಕ ಕೆಡುತ್ತದೆ. ಬೇಕಿದ್ದರೆ ಕೊನೆಯಲ್ಲಿ ಮಾಡಿ. ಲೆನ್ಸಿನ ಡಿಸ್ಟಾರ್ಷನ್ ಮಾತ್ರ ಮೊದಲೇ ಸರಿಪಡಿಸಿ. ಬ್ಲೆಂಡರ್‌ನ ಮಾಮೂಲಿ ಕ್ಯಾಮೆರಾದಲ್ಲಿ ನೇರ ಗೆರೆ ನೇರವಾಗಿಯೇ ಇರುತ್ತದೆ. ನಿಮ್ಮ ಫೋಟೋದಲ್ಲಿ ಗೋಡೆಯ ಅಂಚು ಬಾಗಿದ್ದರೆ ಎರಡೂ ಯಾವತ್ತೂ ಹೊಂದುವುದಿಲ್ಲ.

ಮಾಡೆಲ್ ಬಂದಾಗ ನೋಡಬೇಕಾದ್ದು

ಮಾಡೆಲ್ ಯಾವ ಫೈಲ್ ಆಗಿ ಬೇಕು ಅಂತ ಕೇಳಿದರೆ ನಾನು ಹೇಳುವುದು ಜಿಎಲ್‌ಬಿ. ಆಕಾರ, ಬಣ್ಣ, ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಎಲ್ಲ ಒಂದೇ ಫೈಲಿನಲ್ಲಿ ಬರುತ್ತದೆ. ಓಬಿಜೆ ಆದರೆ ಜೊತೆಗೆ ಬಣ್ಣದ ವಿವರ ಇರುವ ಎಂಟಿಎಲ್ ಫೈಲ್ ಮತ್ತು ಟೆಕ್ಸ್ಚರ್ ಚಿತ್ರಗಳನ್ನೂ ಕಳಿಸಬೇಕು. ಜನ ಓಬಿಜೆ ಒಂದನ್ನೇ ಕಳಿಸಿ "ಬಣ್ಣ ಯಾಕೆ ಬರ್ತಿಲ್ಲ?" ಅಂತ ಕೇಳುತ್ತಾರೆ. ಎಸ್‌ಟಿಎಲ್ 3ಡಿ ಪ್ರಿಂಟಿಂಗ್‌ಗೆ ಸರಿ, ಚಿತ್ರಕ್ಕೆ ಕೊನೆಯ ಆಯ್ಕೆ. ಅದರಲ್ಲಿ ಬರೀ ತ್ರಿಕೋನಗಳು, ಟೆಕ್ಸ್ಚರ್ ಎಲ್ಲಿ ಕೂರಬೇಕು ಅಂತ ಹೇಳುವ ಯುವಿ ನಕ್ಷೆ ಇಲ್ಲ, ಅಳತೆಯ ಮಾನವೂ ಇಲ್ಲ.

ತೆರೆದ ಕೂಡಲೇ ಅಳತೆ ನೋಡಿ. ಕುರ್ಚಿಯ ಸೀಟು ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರ ಇರುತ್ತದೆ. ಬ್ಲೆಂಡರ್‌ನಲ್ಲಿ ಅದು 45 ಮೀಟರ್ ಅಂತ ತೋರಿಸಿದರೆ ಮಾಡೆಲ್ ಮಾಡಿದವರು ಸೆಂಟಿಮೀಟರ್‌ನಲ್ಲಿ ಮಾಡಿದ್ದಾರೆ ಅಂತ ಅರ್ಥ. 0.01ಕ್ಕೆ ಇಳಿಸಿ, ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಅಳತೆ ನಿಜವಾಗಿದ್ದರೆ ನೆರಳಿನ ಮೃದುತ್ವ, ಫೋಕಸ್ ಎಲ್ಲ ತಾನಾಗಿ ಸರಿ ಬರುತ್ತವೆ. ಇಲ್ಲದಿದ್ದರೆ ಪ್ರತಿಯೊಂದನ್ನೂ ಕಣ್ಣಂದಾಜಿನಲ್ಲಿ ತಿದ್ದುತ್ತ ಕೂರಬೇಕು.

ಆಮೇಲೆ ಓವರ್‌ಲೇ ಮೆನುವಿನಲ್ಲಿ ಫೇಸ್ ಓರಿಯಂಟೇಷನ್ ಆನ್ ಮಾಡಿ. ಹೊರಮೈ ಕೆಂಪು ಕಾಣಬಾರದು. ಕೆಂಪು ಕಂಡಲ್ಲಿ ಮೇಲ್ಮೈ ಒಳಹೊರಗಾಗಿದೆ. ಎಡಿಟ್ ಮೋಡ್‌ನಲ್ಲಿ ಎಲ್ಲ ಆಯ್ಕೆ ಮಾಡಿ ಶಿಫ್ಟ್ ಮತ್ತು ಎನ್ ಒತ್ತಿದರೆ ಹೆಚ್ಚಿನವು ಸರಿಹೋಗುತ್ತವೆ.

ಇನ್ನೊಂದು, ಅಂಚುಗಳು. ಡಿಸೈನ್ ಸಾಫ್ಟ್‌ವೇರ್‌ನಿಂದ ಬಂದ ಮಾಡೆಲ್‌ಗಳಲ್ಲಿ ಮರದ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ನಿಜವಾದ ಮರದಲ್ಲಿ ಹಾಗಿರಲ್ಲ. ಬಡಗಿ ಉಜ್ಜಿರುತ್ತಾನೆ, ಅಂಚಿನಲ್ಲಿ ಬೆಳಕಿನ ಸಣ್ಣ ಗೆರೆ ಹೊಳೆಯುತ್ತದೆ. ಬೆವೆಲ್ ಮಾಡಿಫೈಯರ್ ಹಾಕಿ 1 ಅಥವಾ 2 ಮಿಲಿಮೀಟರ್ ಕೊಡಿ. ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಜಾಸ್ತಿ ಫಲ ಕೊಡುವುದು ಇದೇ ಅಂತ ನನ್ನ ಅನಿಸಿಕೆ.

ಕ್ಯಾಮೆರಾ ಹೊಂದಿಸುವುದು

ನೆಲದಲ್ಲಿ ಟೈಲ್ಸ್ ಇದ್ದರೆ ನಿಮ್ಮ ಅದೃಷ್ಟ. ಎಫ್‌ಸ್ಪೈ ಎಂಬ ಸಣ್ಣ ಉಚಿತ ಪ್ರೋಗ್ರಾಂ ಇದೆ. ಫೋಟೋ ಅದರಲ್ಲಿ ತೆರೆದು, ಒಂದು ದಿಕ್ಕಿಗೆ ಹೋಗುವ ಎರಡು ಗೆರೆ, ಅದಕ್ಕೆ ಅಡ್ಡ ಹೋಗುವ ಎರಡು ಗೆರೆ ಟೈಲ್ಸಿನ ಸಂದುಗಳ ಮೇಲೆ ಕೂರಿಸಿ. ಗೆರೆಗಳನ್ನು ಆದಷ್ಟು ಉದ್ದಕ್ಕೆ, ಒಂದಕ್ಕೊಂದು ದೂರ ಇರುವ ಹಾಗೆ ಆರಿಸಿ. ಗಿಡ್ಡ ಗೆರೆಯಲ್ಲಿ ಒಂದು ಪಿಕ್ಸೆಲ್ ಆಚೀಚೆ ಆದರೂ ಕೋನ ಬಹಳ ತಿರುಗುತ್ತದೆ. ಟೈಲಿನ ಅಳತೆ ಗೊತ್ತಿದ್ದರೆ ಅದನ್ನೂ ಕೊಡಿ. ಅದು ಲೆಕ್ಕ ಹಾಕಿದ ಕ್ಯಾಮೆರಾವನ್ನು ಆಡ್‌ಆನ್ ಮೂಲಕ ಬ್ಲೆಂಡರ್‌ಗೆ ತಂದುಕೊಳ್ಳಬಹುದು.

ಗೆರೆ ಹಿಡಿಯಲು ಏನೂ ಸಿಗದಿದ್ದರೆ ಕೈಯಲ್ಲೇ ಮಾಡಬೇಕು. ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ ಫೋಕಲ್ ಲೆಂಗ್ತ್ ಇರುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾ ಆದರೆ ಸೆನ್ಸರ್ ಅಗಲ 36 ಮಿಲಿಮೀಟರ್, ಬ್ಲೆಂಡರ್‌ನಲ್ಲಿ ಮೊದಲೇ ಇರುವುದೂ ಅಷ್ಟೇ. ಫೋನಿನ ಫೋಟೋ ಆದರೆ 35 ಮಿಲಿಮೀಟರ್‌ಗೆ ಸಮನಾದ ಸಂಖ್ಯೆ ಅಂತ ಒಂದು ಇರುತ್ತದೆ, ಅದನ್ನು ತಗೊಳ್ಳಿ. ಆ ಸಂಖ್ಯೆಯನ್ನು ಸಾಮಾನ್ಯವಾಗಿ ಸೆನ್ಸರಿನ ಕರ್ಣದಿಂದ ಲೆಕ್ಕ ಹಾಕಿರುತ್ತಾರೆ. ಹಾಗಾಗಿ 4:3 ಆಕಾರದ ಫೋಟೋಗೆ ಸೆನ್ಸರ್ ಅಗಲ 36ರ ಬದಲು 34.6 ಕೊಟ್ಟರೆ ಇನ್ನೂ ಹತ್ತಿರ ಬರುತ್ತದೆ.

ಹೊಂದಿತಾ ಇಲ್ಲವಾ ಅಂತ ನೋಡುವುದಕ್ಕೆ ನಾನು ನಂಬುವುದು ದಿಗಂತದ ಗೆರೆಯನ್ನು. ದೂರಕ್ಕೆ ಹೋಗುವ ಟೈಲ್ಸ್ ಗೆರೆಗಳನ್ನು ಚಾಚಿದರೆ ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದುವಿನ ಎತ್ತರದಲ್ಲಿ ಅಡ್ಡಗೆರೆ ಎಳೆಯಿರಿ. ಅದೇ ದಿಗಂತ. ಆ ನೆಲದ ಮೇಲಿರುವ ಪ್ರತಿ ವಸ್ತುವನ್ನೂ ಈ ಗೆರೆ ನಿಮ್ಮ ಲೆನ್ಸಿನ ಎತ್ತರದಲ್ಲೇ ಕತ್ತರಿಸುತ್ತದೆ, ವಸ್ತು ಹತ್ತಿರ ಇರಲಿ, ದೂರ ಇರಲಿ. ಲೆನ್ಸ್ 140 ಸೆಂಟಿಮೀಟರ್ ಎತ್ತರದಲ್ಲಿತ್ತು, ಕುರ್ಚಿಯ ಬೆನ್ನು 90 ಸೆಂಟಿಮೀಟರ್ ಅಂದರೆ ಕುರ್ಚಿಯ ತುದಿ ಯಾವ ಕಾರಣಕ್ಕೂ ದಿಗಂತ ದಾಟಬಾರದು. ದಾಟಿತು ಅಂದರೆ ಕುರ್ಚಿ ದೊಡ್ಡದಾಗಿದೆ, ಇಲ್ಲವೇ ಗಾಳಿಯಲ್ಲಿ ತೇಲುತ್ತಿದೆ. ಸುಮ್ನೆ ಕಣ್ಣಂದಾಜಿಗೆ ಕೂರಿಸಿದ ಚಿತ್ರಗಳು ಬಹುಪಾಲು ಸೋಲುವುದು ಇಲ್ಲೇ.

ಪೆಟ್ಟಿಗೆಯ ಫೋಟೋ ಇದ್ದರೆ ಬ್ಲೆಂಡರ್‌ನಲ್ಲೂ ಅದೇ ಅಳತೆಯ ಪೆಟ್ಟಿಗೆ ಮಾಡಿ ಮೇಲೆ ಕೂರಿಸಿ ನೋಡಿ. ಎಂಟು ಮೂಲೆಗಳಲ್ಲಿ ಕಾಣುವವೆಲ್ಲ ಕೂಡಿದರೆ ಕ್ಯಾಮೆರಾ ಸರಿ ಇದೆ. ಅದನ್ನು ಲಾಕ್ ಮಾಡಿಬಿಡಿ.

ಬೆಳಕು

ಕಿಟಕಿಯಿಂದ ನೇರ ಬಿಸಿಲು ಬರುತ್ತಿದ್ದರೆ ಸನ್ ಲ್ಯಾಂಪ್ ಹಾಕಿ. ಅದರ ಆಂಗಲ್ ಸುಮಾರು 0.53 ಡಿಗ್ರಿ ಇರಲಿ. ಆಕಾಶದಲ್ಲಿ ಸೂರ್ಯ ಕಾಣುವುದೇ ಅಷ್ಟು ಅಗಲ. ಇದರ ಪರಿಣಾಮ ಏನು ಗೊತ್ತಾ? ನೆರಳು ಬೀಳಿಸುವ ಅಂಚಿನಿಂದ ನೆಲ ಒಂದು ಮೀಟರ್ ದೂರ ಇದ್ದರೆ ನೆರಳಿನ ಅಂಚು ಸುಮಾರು 1 ಸೆಂಟಿಮೀಟರ್ ಮಸುಕಾಗುತ್ತದೆ, ಮೂರು ಮೀಟರ್‌ಗೆ ಸುಮಾರು 3 ಸೆಂಟಿಮೀಟರ್. ಕುರ್ಚಿಯ ಕಾಲು ನೆಲ ಮುಟ್ಟುವಲ್ಲಿ ನೆರಳು ಚೂಪು, ಬೆನ್ನಿನ ನೆರಳು ಸ್ವಲ್ಪ ಮೃದು. ಫೋಟೋಶಾಪ್‌ನಲ್ಲಿ ಡ್ರಾಪ್ ಶ್ಯಾಡೋ ಹಾಕಿದರೆ ಎಲ್ಲ ಕಡೆಯೂ ಒಂದೇ ಮಸುಕು. ಅದಕ್ಕೇ ಅದು ಸುಳ್ಳು ಅನ್ನಿಸುವುದು.

ಬಿಸಿಲಿಲ್ಲ, ಬರೀ ಕಿಟಕಿಯ ಬೆಳಕು ಅಂದರೆ ಕಿಟಕಿ ಇರುವ ಜಾಗದಲ್ಲಿ, ಕಿಟಕಿಯಷ್ಟೇ ದೊಡ್ಡ ಏರಿಯಾ ಲ್ಯಾಂಪ್ ನಿಲ್ಲಿಸಿ. ಕಿಟಕಿ ಫೋಟೋದ ಹೊರಗಿದ್ದರೂ ನೆಲದ ಮೇಲಿನ ಬೆಳಕು ನೋಡಿ ಜಾಗ ಊಹಿಸಬಹುದು. ಎರಡೂ ಸಂದರ್ಭದಲ್ಲಿ ವರ್ಲ್ಡ್ ಬೆಳಕು (ಸುತ್ತಲಿಂದಲೂ ಬೀಳುವ ಬೆಳಕು) ಸ್ವಲ್ಪ ಇರಬೇಕು, ಗೋಡೆಗಳಿಂದ ತಿರುಗಿ ಬರುವ ಬೆಳಕಿನ ಬದಲಿಗೆ. ಅದಿಲ್ಲದಿದ್ದರೆ ಸೀಟಿನ ಅಡಿಭಾಗ ಪೂರ್ತಿ ಕಪ್ಪಾಗುತ್ತದೆ. ಹೊಳೆಯುವ ಲೋಹದ ಕಾಲುಗಳಿದ್ದರೆ ಅವುಗಳಲ್ಲಿ ಪ್ರತಿಬಿಂಬಿಸಲು ಏನಾದರೂ ಬೇಕಲ್ವಾ, ಅದಕ್ಕೆ ಸುತ್ತಲಿನ ನೋಟ, ಬೆಳಕು ಎರಡನ್ನೂ ಹಿಡಿದಿಟ್ಟ ಎಚ್‌ಡಿಆರ್‌ಐ ಚಿತ್ರ ಹಾಕಿ. ಪಾಲಿ ಹೇವನ್ ತಾಣದಲ್ಲಿ ಸಿಸಿ0 ಪರವಾನಗಿಯಲ್ಲಿ ಸಿಗುತ್ತವೆ, ಯಾರ ಅನುಮತಿಯೂ ಬೇಡ.

ರೆಂಡರ್ ಬಿಡಿಬಿಡಿಯಾಗಿ

ರೆಂಡರ್ ಅಂದರೆ ಮಾಡೆಲ್‌ನಿಂದ ಬ್ಲೆಂಡರ್ ಮಾಡಿಕೊಡುವ ಚಿತ್ರ. ಇಲ್ಲಿ ನಾನು ಹಠ ಮಾಡುತ್ತೇನೆ. ಕುರ್ಚಿ ಮತ್ತು ನೆರಳು ಒಂದೇ ಚಿತ್ರದಲ್ಲಿ ಬರಬಾರದು. ಅಂಟಿಕೊಂಡು ಬಂದರೆ ನೆರಳನ್ನು ತಿದ್ದುವುದಕ್ಕೆ ಆಗುವುದಿಲ್ಲ, ಮತ್ತೆ ಬ್ಲೆಂಡರ್‌ಗೆ ಓಡಬೇಕು.

ರೆಂಡರ್ ಎಂಜಿನ್ ಸೈಕಲ್ಸ್ ಇರಲಿ. ರೆಂಡರ್ ಪ್ರಾಪರ್ಟೀಸ್‌ನಲ್ಲಿ ಫಿಲ್ಮ್ ಕೆಳಗೆ ಟ್ರಾನ್ಸ್‌ಪರೆಂಟ್ ಆನ್ ಮಾಡಿ. ನೆಲದ ಜಾಗದಲ್ಲಿ ನೆರಳು ಹಿಡಿಯಲು ಒಂದು ಪ್ಲೇನ್ (ಸಪಾಟು ಹಾಳೆ) ಇಟ್ಟು, ಅದರ ಆಬ್ಜೆಕ್ಟ್ ಪ್ರಾಪರ್ಟೀಸ್‌ನ ವಿಸಿಬಿಲಿಟಿಯಲ್ಲಿ ಶ್ಯಾಡೋ ಕ್ಯಾಚರ್ ಆನ್ ಮಾಡಿ. ಮೊದಲು ಪ್ಲೇನನ್ನು ಕ್ಯಾಮೆರಾಗೆ ಕಾಣದಂತೆ ಮಾಡಿ ಕುರ್ಚಿಯನ್ನಷ್ಟೇ ರೆಂಡರ್ ಮಾಡಿ. ಆಮೇಲೆ ಪ್ಲೇನ್ ವಾಪಸ್ ತಂದು, ಕುರ್ಚಿಯ ರೇ ವಿಸಿಬಿಲಿಟಿಯಲ್ಲಿ ಕ್ಯಾಮೆರಾ ಅನ್ನುವುದನ್ನು ಮಾತ್ರ ಆಫ್ ಮಾಡಿ. ಈಗ ಕುರ್ಚಿ ಕಾಣುವುದಿಲ್ಲ, ನೆರಳು ಮಾತ್ರ ಬರುತ್ತದೆ, ಕಾಲುಗಳ ಅಡಿಯದ್ದೂ ಸೇರಿ ಪೂರ್ತಿಯಾಗಿ.

ನೆಲ ಹೊಳೆಯುವ ಟೈಲ್ಸ್ ಆಗಿದ್ದರೆ ಪ್ರತಿಬಿಂಬ ಬೇರೆ ಬೇಕು. ಕುರ್ಚಿಯ ಇನ್ನೊಂದು ಪ್ರತಿ ಮಾಡಿ, ನೆಲದ ಮಟ್ಟವನ್ನು ಹಿಡಿದು ಝಡ್ ದಿಕ್ಕಿಗೆ ಮೈನಸ್ 1 ಸ್ಕೇಲ್ ಕೊಡಿ. ತಲೆಕೆಳಗಾದ ಆ ಕುರ್ಚಿಯನ್ನು ನೆಲ ಇಲ್ಲದೆ ಬೇರೆಯಾಗಿ ರೆಂಡರ್ ಮಾಡಿಟ್ಟುಕೊಳ್ಳಿ. ಬೆಳಕು ಅದರ ಮೇಲೆ ತಪ್ಪು ದಿಕ್ಕಿನಿಂದ ಬಿದ್ದಿರುತ್ತದೆ, ಆದರೆ ಹತ್ತಿಪ್ಪತ್ತು ಶೇಕಡಾ ಅಪಾರದರ್ಶಕತೆಯಲ್ಲಿ ಮಸುಕು ಮಾಡಿ ಹಾಕಿದಾಗ ಅದು ಯಾರಿಗೂ ಕಾಣುವುದಿಲ್ಲ.

ಸೀಟು, ಕಾಲು, ಕುಶನ್ ಬೇರೆಬೇರೆಯಾಗಿ ಆಯ್ಕೆ ಮಾಡಲು ಬೇಕು ಅಂದರೆ ಕ್ರಿಪ್ಟೋಮ್ಯಾಟ್ ಪಾಸ್ ಆನ್ ಮಾಡಿ, ಕಂಪೋಸಿಟರ್‌ನಲ್ಲಿ ಒಂದೊಂದರ ಕಪ್ಪುಬಿಳುಪು ಮಾಸ್ಕ್ (ಎಲ್ಲಿ ಕಾಣಬೇಕು, ಎಲ್ಲಿ ಬೇಡ ಅಂತ ಹೇಳುವ ಚಿತ್ರ) ತೆಗೆದಿಡಿ. ಕುಶನ್ ಬಣ್ಣ ಬದಲಿಸಿ ಅನ್ನುವ ಫೋನ್ ಬಂದೇ ಬರುತ್ತದೆ.

ಕಲರ್ ಮ್ಯಾನೇಜ್‌ಮೆಂಟ್ ಬಗ್ಗೆ ಒಂದು ಎಚ್ಚರಿಕೆ. 2023ರ ಬ್ಲೆಂಡರ್ 4.0ರಿಂದ ಲೆಕ್ಕದ ಬೆಳಕನ್ನು ಪರದೆಯ ಬಣ್ಣಕ್ಕೆ ತರುವ ವ್ಯೂ ಟ್ರಾನ್ಸ್‌ಫಾರ್ಮ್ ತಾನಾಗಿ ಎಜಿಎಕ್ಸ್ ಇರುತ್ತದೆ. ಅದು ಜೋರು ಬೆಳಕನ್ನು ಸೌಮ್ಯ ಮಾಡುತ್ತದೆ, ಜೊತೆಗೆ ಬಣ್ಣದ ಗಾಢತೆಯನ್ನೂ ತಗ್ಗಿಸುತ್ತದೆ. ಬಟ್ಟೆಯ ಬಣ್ಣ ಕಂಪನಿ ಕೊಟ್ಟ ಸ್ಯಾಂಪಲ್‌ಗೆ ಹೊಂದಬೇಕು ಅಂದರೆ ಸ್ಟ್ಯಾಂಡರ್ಡ್‌ಗೆ ಬದಲಿಸಿ, ಬೆಳಕು ಬೆಳ್ಳಗೆ ಸುಟ್ಟುಹೋಗದಂತೆ ಲ್ಯಾಂಪುಗಳನ್ನು ಇಳಿಸಿ. ಉಳಿಸುವಾಗ 16 ಬಿಟ್ ಪಿಎನ್‌ಜಿ. 8 ಬಿಟ್‌ನಲ್ಲಿ ಮೃದುವಾದ ನೆರಳಿಗೆ ಕರ್ವ್ಸ್ (ಗೆರೆ ಎಳೆದು ಬೆಳಕಿನ ಮಟ್ಟ ತಿದ್ದುವ ಸಾಧನ) ಹಾಕಿದ ಕೂಡಲೇ ಪಟ್ಟೆಪಟ್ಟೆ ಕಾಣುತ್ತದೆ. ಜಿಂಪ್ ಕೂಡ 2018ರ 2.10ರಿಂದ 16 ಮತ್ತು 32 ಬಿಟ್ ಚಿತ್ರಗಳನ್ನು ಹಾಗೇ ಇಟ್ಟುಕೊಂಡು ಕೆಲಸ ಮಾಡುತ್ತದೆ.

ಫೋಟೋಶಾಪ್‌ಗೆ ಬಂದ ಮೇಲೆ

ಕೆಳಗೆ ಫೋಟೋ, ಅದರ ಮೇಲೆ ಪ್ರತಿಬಿಂಬ, ಅದರ ಮೇಲೆ ನೆರಳು, ಮೇಲುಗಡೆ ಕುರ್ಚಿ. ಕುರ್ಚಿಯ ಲೇಯರನ್ನು ಸದ್ಯಕ್ಕೆ ಮುಚ್ಚಿಬಿಡಿ. ಮೊದಲು ನೆರಳು.

ಹೆಚ್ಚಿನವರು ನೆರಳಿನ ಲೇಯರನ್ನು ಮಲ್ಟಿಪ್ಲೈ ಮಾಡಿ ಒಪಾಸಿಟಿ ಇಳಿಸುತ್ತಾರೆ. ಮಾಡಬಹುದು, ಆದರೆ ನೆಲ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ನಾನು ಬೇರೆ ರೀತಿ ಮಾಡುತ್ತೇನೆ. ನೆರಳಿನ ಲೇಯರ್‌ನ ಥಂಬ್‌ನೇಲ್ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಅದರ ಆಕಾರ ಸೆಲೆಕ್ಷನ್ ಆಗುತ್ತದೆ. ಆಗ ಒಂದು ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿಸಿ. ಸೆಲೆಕ್ಷನ್ ತಾನೇ ಮಾಸ್ಕ್ ಆಗುತ್ತದೆ. ಮೂಲ ನೆರಳಿನ ಲೇಯರ್ ಮುಚ್ಚಿಬಿಡಿ. ಜಿಂಪ್‌ನಲ್ಲಿ ಆಲ್ಫಾ ಟು ಸೆಲೆಕ್ಷನ್ ಅಂತ ಇದೆ, ಅದೇ ಕೆಲಸ.

ಈಗ ಪೆಟ್ಟಿಗೆಯ ಫೋಟೋ ತೆರೆಯಿರಿ. ಬಿಸಿಲಿರುವ ಟೈಲಿನ ಬಣ್ಣ ಐಡ್ರಾಪರ್‌ನಲ್ಲಿ ಓದಿ, ಪೆಟ್ಟಿಗೆಯ ನೆರಳಿನಲ್ಲಿರುವ ಟೈಲಿನ ಬಣ್ಣವನ್ನೂ ಓದಿ. ಬಿಸಿಲಲ್ಲಿ ಕೆಂಪು 190, ಹಸಿರು 184, ನೀಲಿ 172, ನೆರಳಲ್ಲಿ ಕೆಂಪು 104, ಹಸಿರು 106, ನೀಲಿ 110 ಅಂತ ಬಂತು ಅಂದುಕೊಳ್ಳಿ. ಕರ್ವ್ಸ್‌ನಲ್ಲಿ ಕೆಂಪು ಚಾನೆಲ್‌ಗೆ 190 ಹೋಗಿ 104 ಬರುವಂತೆ ಒಂದು ಬಿಂದು, ಹಸಿರಿಗೆ 184ರಿಂದ 106, ನೀಲಿಗೆ 172ರಿಂದ 110. ನೀಲಿ ಕಡಿಮೆ ಇಳಿದಿದೆ ನೋಡಿ. ನೆರಳಿಗೆ ಬೀಳುವುದು ಆಕಾಶದ ಬೆಳಕು, ಅದಕ್ಕೇ ಅದು ತಣ್ಣಗೆ ಕಾಣುವುದು. ಟೈಲ್ಸಿನ ಸಂದು, ಕಲೆ, ಹೊಳಪು ಎಲ್ಲ ನೆರಳಿನೊಳಗೆ ಹಾಗೇ ಉಳಿಯುತ್ತದೆ.

ಫೋಟೋದಲ್ಲಿ ಮೊದಲೇ ಬೇರೆ ವಸ್ತುವಿನ ನೆರಳು ಬಿದ್ದಿರುವ ಜಾಗಕ್ಕೆ ಕುರ್ಚಿಯ ನೆರಳು ತಾಗಿದರೆ ಅಲ್ಲಿ ಮಾಸ್ಕ್ ಅಳಿಸಿ. ಬಿಸಿಲೇ ಇಲ್ಲದ ಕಡೆ ಇನ್ನೊಂದು ಬಿಸಿಲಿನ ನೆರಳು ಬೀಳಲು ಸಾಧ್ಯವಿಲ್ಲ. ಎರಡು ಪದರ ನೆರಳು ಕಂಡರೆ ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ.

ಆಮೇಲೆ ಕಾಲು ನೆಲ ಮುಟ್ಟುವ ಜಾಗಕ್ಕೆ ಹತ್ತಿರ ಹೋಗಿ. 200 ಪರ್ಸೆಂಟ್ ಝೂಮ್ ಮಾಡಿ. ಅಲ್ಲಿ ಕಾಲಿನ ಅಡಿಗೆ ಅಂಟಿದ ಹಾಗೆ ಒಂದು ತೆಳು ಕಪ್ಪು ಗೆರೆ ಇರಬೇಕು. ಬೆಳಕು ಹೊಕ್ಕಲಾಗದ ಸಂದು ಅದು. ರೆಂಡರ್‌ನಲ್ಲಿ ಸಾಲದಿದ್ದರೆ ಸಣ್ಣ ಮೃದು ಬ್ರಷ್‌ನಲ್ಲಿ ನೀವೇ ಹಾಕಿ. ಮಾಡೆಲ್ ಮೇಲೆ ದಿನಗಟ್ಟಲೆ ಕೂತವರು ಈ ನಾಲ್ಕು ಚುಕ್ಕೆಗೆ ಸಮಯ ಕೊಡುವುದಿಲ್ಲ. ಕುರ್ಚಿ ತೇಲುತ್ತಿದೆ ಅನ್ನಿಸುವುದಕ್ಕೆ ಕಾರಣ ಇದೇ.

ಈಗ ಕುರ್ಚಿ ತೋರಿಸಿ. ಅಂಚಿನಲ್ಲಿ ಕಪ್ಪು ಎಳೆ ಕಂಡರೆ ಲೇಯರ್ ಮೆನುವಿನ ಮ್ಯಾಟಿಂಗ್‌ನಲ್ಲಿ ರಿಮೂವ್ ಬ್ಲ್ಯಾಕ್ ಮ್ಯಾಟ್ ಇದೆ.

ಬಣ್ಣಕ್ಕೆ ಕೈ ಹಾಕುವ ಮೊದಲು ಎಲ್ಲದರ ಮೇಲೆ ತಾತ್ಕಾಲಿಕವಾಗಿ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಇಡಿ. ಬೆಳಕು ನೆರಳಿನ ಮಟ್ಟ ಮಾತ್ರ ನೋಡಿ. ಫೋಟೋದ ಅತಿ ಕಪ್ಪು ಜಾಗ ಹುಡುಕಿ ಓದಿದರೆ ಅದು ಸೊನ್ನೆ ಇರುವುದು ಅಪರೂಪ, 18 ಅಥವಾ 20 ಇರಬಹುದು. ರೆಂಡರ್‌ನಲ್ಲಿ ಮಾತ್ರ ಸೊನ್ನೆ ಸಲೀಸಾಗಿ ಬರುತ್ತದೆ. ಕುರ್ಚಿಗೆ ಕ್ಲಿಪ್ ಮಾಡಿದ, ಅಂದರೆ ಕುರ್ಚಿಗೆ ಮಾತ್ರ ತಾಗುವ, ಕರ್ವ್ಸ್‌ನಲ್ಲಿ ಎಡಗಡೆಯ ಕೆಳಬಿಂದುವನ್ನು ಅಷ್ಟಕ್ಕೆ ಎತ್ತಿ. ಮಟ್ಟ ಕೂಡಿತು ಅಂತಾದ ಮೇಲೆ ಕಪ್ಪುಬಿಳುಪು ಲೇಯರ್ ತೆಗೆದು ಬಣ್ಣ ನೋಡಿ. ಕೆಂಪು ಕಾರ್ಪೆಟ್ ಮೇಲೆ ಕುರ್ಚಿ ಇದ್ದರೆ ಸೀಟಿನ ಅಡಿ, ಕಾಲಿನ ಕೆಳಭಾಗ ಸ್ವಲ್ಪ ಕೆಂಪಾಗಬೇಕು. ಕ್ಲಿಪ್ ಮಾಡಿದ ಲೇಯರ್ ಒಂದನ್ನು ಸಾಫ್ಟ್ ಲೈಟ್‌ನಲ್ಲಿಟ್ಟು ನೆಲದ ಬಣ್ಣವನ್ನೇ ತೆಗೆದು ತೆಳುವಾಗಿ ಬಳಿಯಿರಿ.

ಕೊನೆಗೆ ಚೂಪು ಮತ್ತು ಗ್ರೇನ್. ರೆಂಡರ್ ಪಿಕ್ಸೆಲ್‌ವರೆಗೂ ಚೂಪಾಗಿರುತ್ತದೆ, ಲೆನ್ಸ್ ಹಾಗೆ ನೋಡುವುದಿಲ್ಲ. ಕುರ್ಚಿಗೆ 0.5ರಿಂದ 0.8 ಪಿಕ್ಸೆಲ್ ಗಾಸಿಯನ್ ಬ್ಲರ್ ಸಾಕು. ಹಿನ್ನೆಲೆ ಮಸುಕಾಗಿರುವ ಫೋಟೋ ಆದರೆ ಇದು ಸಾಲದು, ಬ್ಲೆಂಡರ್ ಕ್ಯಾಮೆರಾದಲ್ಲೇ ಡೆಪ್ತ್ ಆಫ್ ಫೀಲ್ಡ್ ಆನ್ ಮಾಡಿ ಎಫ್ ಸಂಖ್ಯೆ ಕೊಡಬೇಕು. ಗ್ರೇನ್‌ಗೆ ಫೋಟೋದ ನೆರಳು ಭಾಗ ಝೂಮ್ ಮಾಡಿ ನೋಡಿ ಅಷ್ಟೇ ನಾಯ್ಸ್ ಹಾಕಿ. ನೆರಳಿನಲ್ಲಿ ಜಾಸ್ತಿ, ಬೆಳಕಿನಲ್ಲಿ ಕಡಿಮೆ.

ಪರೀಕ್ಷೆಗೆ ಒಂದು ಉಪಾಯ. ಎಲ್ಲದರ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ, ಗೆರೆಯನ್ನು ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ಅಂಕುಡೊಂಕು ಎಳೆಯಿರಿ. ಚಿತ್ರ ವಿಕಾರವಾಗಿ ಕಾಣುತ್ತದೆ. ಆ ವಿಕಾರದಲ್ಲೂ ಕುರ್ಚಿ ಸುತ್ತಲಿನದರ ಜೊತೆ ಬೆರೆತಿದ್ದರೆ ಸರಿ. ಕುರ್ಚಿ ಮಾತ್ರ ಬೇರೆ ಬಣ್ಣಕ್ಕೆ ತಿರುಗಿ ಎದ್ದು ಕಂಡರೆ ಇನ್ನೂ ಕೆಲಸ ಬಾಕಿ ಇದೆ. ನೋಡಿ ಆದ ಮೇಲೆ ಆ ಲೇಯರ್ ಅಳಿಸುವುದನ್ನು ಮರೆಯಬೇಡಿ.

ಮಾಡೆಲ್ ಮೇಲೆ ಬಣ್ಣ ಬಳಿಯಬೇಕಾದಾಗ

ಮಾಡೆಲ್ ಮೇಲೇ ಬ್ರಷ್ ಆಡಿಸುವ ಹಳೆಯ ಸುಖ ಬೇಕು ಅನ್ನುವವರಿಗೆ ಬ್ಲೆಂಡರ್‌ನಲ್ಲಿ ಒಂದು ದಾರಿ ಇದೆ, ಬಹಳ ಜನ ನೋಡಿಯೇ ಇಲ್ಲ. ಪ್ರಿಫರೆನ್ಸಸ್‌ನ ಫೈಲ್ ಪಾತ್ಸ್‌ನಲ್ಲಿ ಇಮೇಜ್ ಎಡಿಟರ್ ಅಂತ ನಿಮ್ಮ ಫೋಟೋಶಾಪ್ ಅಥವಾ ಕ್ರಿಟಾ ತೋರಿಸಿ. ಟೆಕ್ಸ್ಚರ್ ಪೇಂಟ್ ಮೋಡ್‌ನಲ್ಲಿ ಎಕ್ಸ್‌ಟರ್ನಲ್ ಕೆಳಗೆ ಕ್ವಿಕ್ ಎಡಿಟ್ ಒತ್ತಿದರೆ ಈಗ ಕಾಣುವ ಕೋನದ ಚಿತ್ರ ಆ ಎಡಿಟರ್‌ನಲ್ಲಿ ತೆರೆದುಕೊಳ್ಳುತ್ತದೆ. ಹೊಸ ಲೇಯರ್‌ನಲ್ಲಿ ಬಳಿದು, ಕೆಳಗಿನ ಚಿತ್ರ ಬಿಟ್ಟು ನೀವು ಬಳಿದದ್ದನ್ನು ಮಾತ್ರ ಅದೇ ಹೆಸರಿನಲ್ಲಿ ಉಳಿಸಿ, ವಾಪಸ್ ಬಂದು ಅಪ್ಲೈ ಒತ್ತಿ. ಬಣ್ಣ ಮಾಡೆಲ್ ಮೇಲೆ ಕೂರುತ್ತದೆ. ನಡುವೆ ನೋಡುವ ಕೋನ ಬದಲಿಸಿದರೂ ತೊಂದರೆಯಿಲ್ಲ, ಬ್ಲೆಂಡರ್ ಮೊದಲಿನ ಕೋನ ನೆನಪಿಟ್ಟುಕೊಂಡಿರುತ್ತದೆ.

ಇನ್ನೊಂದು ದಾರಿ ಯುವಿ. ಯುವಿ ಎಡಿಟರ್‌ನಿಂದ ಲೇಔಟ್ ಎಕ್ಸ್‌ಪೋರ್ಟ್ ಮಾಡಿ, ಬಿಚ್ಚಿ ಹರವಿದ ಆ ನಕ್ಷೆಯ ಕೆಳಗಿನ ಲೇಯರ್‌ನಲ್ಲಿ ಬಳಿಯಿರಿ. 2048 ಪಿಕ್ಸೆಲ್ ಚಿತ್ರವಾದರೆ ಪ್ರತಿ ತುಂಡಿನ ಗಡಿ ದಾಟಿ 8 ಪಿಕ್ಸೆಲ್ ಆದರೂ ಬಣ್ಣ ಚೆಲ್ಲಿರಲಿ, ಇಲ್ಲದಿದ್ದರೆ ಹೊಲಿಗೆಯ ಸಂದಿನಲ್ಲಿ ಹಿನ್ನೆಲೆ ಇಣುಕುತ್ತದೆ.

ನಾರ್ಮಲ್ ಮ್ಯಾಪ್‌ಗೆ ಮಾತ್ರ ಲೆವೆಲ್ಸ್, ಕರ್ವ್ಸ್ ಹಾಕಲೇಬೇಡಿ. ಮೇಲ್ಮೈಯ ಸಣ್ಣ ಉಬ್ಬುತಗ್ಗು ತೋರಿಸುವ ಚಿತ್ರ ಅದು. ಅದರಲ್ಲಿರುವುದು ಬಣ್ಣ ಅಲ್ಲ, ದಿಕ್ಕು. ಸಪಾಟಾದ ಜಾಗ 128, 128, 255 ಇರುತ್ತದೆ, ಅದನ್ನು ಹಾಗೇ ಬಿಡಬೇಕು. ಬ್ಲೆಂಡರ್‌ನಲ್ಲಿ ಅದರ ಕಲರ್ ಸ್ಪೇಸ್ ನಾನ್ ಕಲರ್ ಅಂತಿರಲಿ. ಉಬ್ಬಿರಬೇಕಾದ ಹೊಲಿಗೆ ತಗ್ಗಾಗಿ ಕಂಡರೆ ಆ ಮ್ಯಾಪನ್ನು ಡೈರೆಕ್ಟ್‌ಎಕ್ಸ್ ಪದ್ಧತಿಯಲ್ಲಿ ಮಾಡಿದ್ದಾರೆ. ಹಸಿರು ಚಾನೆಲ್ ಒಂದನ್ನೇ ಇನ್ವರ್ಟ್ ಮಾಡಿ.

ಕುರ್ಚಿ ಸ್ವಲ್ಪ ತಿರುಗಿಸಿ ಅಂದರೆ

ಅನ್ನುತ್ತಾರೆ. ಅದಕ್ಕೆ ಮೊದಲೇ ಸಿದ್ಧವಾಗಿರಿ. ರೆಂಡರ್ ಚಿತ್ರಗಳನ್ನು ಫೋಟೋಶಾಪ್‌ಗೆ ಎಳೆದು ಹಾಕಬೇಡಿ, ಫೈಲ್ ಮೆನುವಿನ ಪ್ಲೇಸ್ ಲಿಂಕ್ಡ್ ಮೂಲಕ ತನ್ನಿ. ಕ್ರಿಟಾದಲ್ಲಿ ಇದಕ್ಕೆ ಫೈಲ್ ಲೇಯರ್ ಇದೆ. ಬ್ಲೆಂಡರ್‌ನಲ್ಲಿ ಕುರ್ಚಿ ತಿರುಗಿಸಿ ಅದೇ ಹೆಸರಿಗೆ ಮತ್ತೆ ರೆಂಡರ್ ಮಾಡಿದರೆ ಸಾಕು, ಲೇಯರ್ ಹೊಸದಾಗುತ್ತದೆ, ಕ್ಲಿಪ್ ಮಾಡಿದ ಕರ್ವ್ಸ್, ಬ್ಲರ್ ಎಲ್ಲ ಮೇಲೆ ಹಾಗೇ ಇರುತ್ತವೆ. ನೆರಳಿನ ಮಾಸ್ಕ್ ಮಾತ್ರ ಲಿಂಕ್ ಆಗಿರುವುದಿಲ್ಲ. ಹೊಸ ನೆರಳಿನಿಂದ ಸೆಲೆಕ್ಷನ್ ತೆಗೆದು ಆ ಮಾಸ್ಕನ್ನು ಮತ್ತೆ ತುಂಬಬೇಕು, ಕಾಲಿನ ಅಡಿಯ ಕಪ್ಪು ಗೆರೆಯನ್ನೂ ಮತ್ತೆ ಹಾಕಬೇಕು. ಹಳೆಯ ರೆಂಡರ್‌ನ ಒಂದು ಪ್ರತಿಯನ್ನು ದಿನಾಂಕ ಹಾಕಿ ಬೇರೆ ಫೋಲ್ಡರ್‌ಗೆ ಸರಿಸಿಟ್ಟಿರಿ. ಯಾಕೆಂದರೆ ತಿರುಗಿಸಿದ್ದು ನೋಡಿದ ಮೇಲೆ ಮೊದಲಿನದೇ ಚೆನ್ನಾಗಿತ್ತು ಅನ್ನುವವರೇ ಜಾಸ್ತಿ.